ಟೈಲ್ಸ್ ಒಡೆಯದೆ ಜಾರುವ ನೆಲವನ್ನು ಮುಚ್ಚಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ತೋಟದ ಒಳಗೆ. ಹತ್ತು ವರ್ಷದ ಹಿಂದೆ ಹಳೇ ರೆಡ್ ಆಕ್ಸೈಡ್ ನೆಲ ತೆಗೆಸಿ ಹಾಲ್ ಮತ್ತು ಅಡುಗೆಮನೆಗೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಬಚ್ಚಲಿಗೆ ಮತ್ತು ಮುಂದಿನ ಜಗಲಿಗೆ ಸೆರಾಮಿಕ್ ಟೈಲ್ಸ್. ಮೆಟ್ಟಿಲು ಪಾಲಿಶ್ ಗ್ರಾನೈಟ್. ಮಳೆಗಾಲದಲ್ಲಿ ನೆಲ ಬೆವರುತ್ತದೆ. ಹೋದ ವಾರ 74 ವರ್ಷದ ಅತ್ತೆ ಹಾಲ್‌ನಲ್ಲೇ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಈಗ ಗೋಡೆ ಬಿಟ್ಟು ನಡೆಯುವುದಿಲ್ಲ. ಮೇಸ್ತ್ರಿ ಎಲ್ಲಾ ಒಡೆಯಬೇಕು ಅನ್ನುತ್ತಾರೆ. ಅಂಗಡಿಯವರು ಮರದ ಹಲಗೆ ಥರ ಕಾಣುವ ಎಸ್‌ಪಿಸಿ ಫ್ಲೋರಿಂಗ್ ಅನ್ನು ಟೈಲ್ಸ್ ಮೇಲೇ ಎರಡು ದಿನದಲ್ಲಿ ಹಾಕಿಕೊಡುತ್ತೇವೆ ಅನ್ನುತ್ತಾರೆ. ಒಡೆಯದೆ ಮುಚ್ಚಬಹುದಾ? ಏನು ಹಾಕಿದರೆ ಅತ್ತೆ ಧೈರ್ಯವಾಗಿ ನಡೆಯಬಹುದು?

ಉತ್ತರ: ಮೊದಲು ನಿಮ್ಮ ಅತ್ತೆಯವರ ಕೈ ಬೇಗ ಕೂಡಿಕೊಳ್ಳಲಿ. ನಮ್ಮ ತಾಯಿಯೂ ಹೀಗೇ ಬಿದ್ದಿದ್ದರು. ಮೂಳೆ ಆರು ವಾರದಲ್ಲಿ ಕೂಡಿಕೊಂಡಿತು, ಹೆದರಿಕೆ ಒಂದು ವರ್ಷ ಇತ್ತು. ಹೆದರಿ ಕೂತಲ್ಲೇ ಕೂತರೆ ಕಾಲಿನ ಬಲ ಇಳಿಯುತ್ತದೆ. ಬಲ ಇಳಿದರೆ ಮತ್ತೆ ಬೀಳುವ ಭಯ. ಹಾಗಾಗಿ ಅವರು ಗೋಡೆ ಹಿಡಿದು ನಡೆಯುತ್ತಿದ್ದಾರೆ ಎಂದು ನೀವು ಬರೆದ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು.

ಒಡೆಯದೆ ಮುಚ್ಚಬಹುದು. ಹಾಲ್ ಮತ್ತು ಅಡುಗೆಮನೆಯಲ್ಲಿ ಖಂಡಿತ ಮುಚ್ಚಬಹುದು. ಆದರೆ ಈ ಮಳೆಯಲ್ಲಿ ಬೇಡ, ಅಂಗಡಿಯವರು ಹೇಳಿದ ಹಲಗೆಯಿಂದಲೂ ಬೇಡ. ಬಚ್ಚಲಿನಲ್ಲಿ ಮಾತ್ರ ನಿಮ್ಮ ಮೇಸ್ತ್ರಿ ಹೇಳಿದ್ದು ಸರಿ, ಅಲ್ಲಿ ಒಡೆಯಲೇಬೇಕು. ಯಾಕೆ ಅಂತ ಹೇಳುತ್ತೇನೆ.

ಜಾರುವುದು ಟೈಲ್ಸ್ ಒಂದರಿಂದ ಅಲ್ಲ. ಒಣಗಿದ ಟೈಲ್ಸ್ ಮೇಲೆ ಅತ್ತೆಯವರು ಪ್ರತಿ ವರ್ಷ ಒಂಬತ್ತು ತಿಂಗಳು ನಡೆದಿದ್ದಾರೆ ಅಲ್ವಾ? ಪಾದಕ್ಕೂ ಟೈಲ್ಸ್‌ಗೂ ನಡುವೆ ನೀರಿನ ತೆಳು ಪದರ ಬಂದಾಗ ಹಿಡಿತ ಹೋಗುತ್ತದೆ. ಹಳೇ ಮನೆಗಳ ಸಗಣಿ ಸಾರಿಸಿದ ಮಣ್ಣಿನ ನೆಲ ಆ ನೀರನ್ನು ಕುಡಿಯುತ್ತಿತ್ತು. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ 0.5 ಶೇಕಡಾದಷ್ಟು ನೀರನ್ನೂ ಹೀರುವುದಿಲ್ಲ. ಬಿದ್ದ ನೀರು ಮೇಲೆಯೇ ನಿಲ್ಲುತ್ತದೆ. ಪಾಲಿಶ್ ಮಾಡಿದ ಮೈ ಆದ್ದರಿಂದ ಆ ನೀರು ಸರಿದು ಹೋಗಲು ಸಣ್ಣ ತಗ್ಗೂ ಇಲ್ಲ. ಆದ್ದರಿಂದ ಏನು ಹಾಕಬೇಕು ಅನ್ನುವುದಕ್ಕೆ ಮೊದಲು, ನಿಮ್ಮ ನೆಲಕ್ಕೆ ನೀರು ಎಲ್ಲಿಂದ ಬರುತ್ತಿದೆ ಅನ್ನುವುದು ಗೊತ್ತಾಗಬೇಕು.

ಕೊಡಗಿನಲ್ಲಿ ಇದು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಗಾಳಿಯಿಂದ. ವಾರಗಟ್ಟಲೆ ಮಳೆ ಹೊಯ್ದು ನೆಲ ತಣ್ಣಗಾಗಿರುತ್ತದೆ. ಮಧ್ಯೆ ಒಂದು ದಿನ ಹೊಳವಾಗಿ ಬೆಚ್ಚಗಿನ ಹಸಿ ಗಾಳಿ ಒಳಗೆ ಬಂದರೆ, ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಮೈ ಬೆವರುವ ಹಾಗೆ ನೆಲ ಬೆವರುತ್ತದೆ. ಎರಡನೆಯದು, ಮಣ್ಣಿನಿಂದ. ನಮ್ಮಲ್ಲಿ ಹೆಚ್ಚಿನ ಮನೆಗಳು ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಇವೆ. ಹಿಂದುಗಡೆ ಬರೆ, ಅಂದರೆ ಕಡಿದ ಗುಡ್ಡದ ಮೈ, ಇದ್ದರೆ ಮಳೆಗಾಲದಲ್ಲಿ ಅದರ ಒರತೆ ನೀರು ಮನೆಯ ಅಡಿಗೆ ಇಳಿಯುತ್ತದೆ. ಹಳೇ ನೆಲದ ಕೆಳಗೆ ನೀರು ತಡೆಯುವ ಪದರ ಹಾಕಿಸಿರುವುದು ಅಪರೂಪ. ಆ ತೇವ ಟೈಲ್ಸ್ ಮೂಲಕ ಬರಲಾರದು, ಆದರೆ ಟೈಲ್ಸ್ ನಡುವಿನ ಸಂದುಗಳಿಂದ ಮೇಲೆ ಬರುತ್ತದೆ.

ಎರಡರಲ್ಲಿ ಯಾವುದು ಅಂತ ನೀವೇ ಕಂಡುಹಿಡಿಯಬಹುದು. ಎರಡು ಅಡಿ ಉದ್ದ ಅಗಲದ ದಪ್ಪ ಪಾಲಿಥಿನ್ ಹಾಳೆ ತೆಗೆದುಕೊಳ್ಳಿ. ಟೈಲ್ಸ್ ಸಂದು ಹಾಳೆಯ ನಡುವೆ ಬರುವ ಹಾಗೆ ನೆಲದ ಮೇಲೆ ಹಾಸಿ. ಮೊದಲು ನೆಲವನ್ನು ಚೆನ್ನಾಗಿ ಒಣಗಿಸಿ, ಆಮೇಲೆ ನಾಲ್ಕೂ ಬದಿಗೆ ಪ್ಯಾಕಿಂಗ್ ಟೇಪ್ ಬಿಗಿಯಾಗಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಮೇಲೆ ಮಾತ್ರ ನೀರಿದ್ದರೆ ಅದು ಗಾಳಿಯ ತೇವ. ಹಾಳೆಯ ಅಡಿಯಲ್ಲಿ ಹನಿ ನಿಂತಿದ್ದರೆ, ಸಂದು ಕಪ್ಪಾಗಿದ್ದರೆ ಅದು ಮಣ್ಣಿನ ತೇವ. ಇದನ್ನು ಮೂರು ಕಡೆ ಮಾಡಿ: ಬರೆ ಕಡೆಯ ಗೋಡೆ ಹತ್ತಿರ, ಹಾಲ್ ನಡುವೆ, ಅಡುಗೆಮನೆಯಲ್ಲಿ. ಈಗಲೇ ಮಾಡಿ. ಫೆಬ್ರವರಿಯಲ್ಲಿ ಮಾಡಿದರೆ ಎಲ್ಲ ಕಡೆಯೂ ಒಣಗಿಯೇ ಕಾಣುತ್ತದೆ. ಆ ಪರೀಕ್ಷೆ ನಂಬಿ ಖರ್ಚು ಮಾಡಿದವರು ಜೂನ್‌ನಲ್ಲಿ ನನಗೆ ಫೋನ್ ಮಾಡುತ್ತಾರೆ.

ಈಗ ಅಂಗಡಿಯವರ ಹಲಗೆಯ ವಿಷಯ. ಎಸ್‌ಪಿಸಿ ಅಂದರೆ ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ. 4ರಿಂದ 6 ಮಿಲಿಮೀಟರ್ ದಪ್ಪ. ಒಂದಕ್ಕೊಂದು ಕೊಂಡಿ ಹಾಕಿ ಸುಮ್ನೆ ಹಾಸುತ್ತಾರೆ, ನೆಲಕ್ಕೆ ಅಂಟಿಸುವುದಿಲ್ಲ. ವಸ್ತು ಕೆಟ್ಟದ್ದೇನೂ ಅಲ್ಲ. ನೀರು ಬಿದ್ದರೆ ಹಲಗೆ ಉಬ್ಬುವುದಿಲ್ಲ, ಅಂಗಡಿಯವರು ಹೇಳುವುದು ನಿಜ. ಆದರೆ ಹಲಗೆಗೂ ಟೈಲ್ಸ್‌ಗೂ ನಡುವೆ ಸಣ್ಣ ಪೊಳ್ಳು ಉಳಿಯುತ್ತದೆ. ನಮ್ಮ ಹವೆಯಲ್ಲಿ ಆ ಪೊಳ್ಳಿಗೆ ಸೇರಿದ ತೇವ ಹೊರಗೆ ಬರುವುದಿಲ್ಲ. ಕುಶಾಲನಗರದ ಕಡೆ ಒಂದು ಮನೆಯಲ್ಲಿ ಹಾಕಿದ ಎರಡನೇ ಮಳೆಗಾಲಕ್ಕೆ ಒಂದು ಮೂಲೆ ಎತ್ತಿ ನೋಡಿದೆ. ಕೆಳಗೆಲ್ಲಾ ಕರೀ ಬೂಷ್ಟು. ಮೇಲೆ ನೋಡಿದರೆ ನೆಲ ಹೊಸದರ ಹಾಗೇ ಇತ್ತು, ಮನೆಯವರು ಮಾತ್ರ ಆರು ತಿಂಗಳಿಂದ ಕೆಮ್ಮುತ್ತಿದ್ದರು. ಇನ್ನೊಂದು ವಿಷಯ, ಮರದ ಗೆರೆ ಇದ್ದ ಮಾತ್ರಕ್ಕೆ ಹಿಡಿತ ಬರುವುದಿಲ್ಲ. ಅಂಗಡಿಯಲ್ಲಿ ಒಂದು ಹಲಗೆ ಕೇಳಿ, ಮೇಲೆ ನೀರು ಚಿಮುಕಿಸಿ, ಬರಿಗಾಲಿನಲ್ಲಿ ನಿಂತು ಹಿಮ್ಮಡಿ ಒತ್ತಿ ತಿರುಗಿಸಿ ನೋಡಿ. ಬೀಳದ ಹಾಗೆ ಏನಾದರೂ ಹಿಡಿದುಕೊಂಡಿರಿ. ಬಹಳಷ್ಟು ಹಲಗೆಗಳು ನಿಮ್ಮ ಟೈಲ್ಸ್‌ನಷ್ಟೇ ಜಾರುತ್ತವೆ.

ಹಾಗಾದರೆ ಏನು ಹಾಕುವುದು? ನಿಮ್ಮ ಹಾಲ್ ಮತ್ತು ಅಡುಗೆಮನೆಗೆ ನಾನು ಹೇಳುವುದು ಸೇಫ್ಟಿ ವಿನೈಲ್ ಶೀಟ್. ಆಸ್ಪತ್ರೆ ವಾರ್ಡುಗಳಲ್ಲಿ, ಬಸ್ಸುಗಳ ಒಳಗೆ ಮೆಟ್ಟಿದ್ದೀರಿ. ಕೈಯಲ್ಲಿ ಸವರಿದರೆ ಸಣ್ಣ ಹರಳು ಸಿಗುತ್ತದೆ. ಉಪ್ಪುಕಾಗದದಲ್ಲಿ ಇರುವಂಥ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಹರಳನ್ನು ಅದರ ಮೇಲಿನ ಪದರದ ಒಳಗೆಲ್ಲಾ ಬೆರೆಸಿರುತ್ತಾರೆ. ಮೈ ಸವೆದರೂ ಒಳಗಿನ ಹರಳು ಮೇಲೆ ಬರುತ್ತದೆ, ಹಿಡಿತ ಉಳಿಯುತ್ತದೆ. ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪ. ಪೂರ್ತಿ ಅಂಟಿಸುವುದರಿಂದ ಅಡಿಯಲ್ಲಿ ಪೊಳ್ಳಿಲ್ಲ. ಸಂದುಗಳನ್ನು ಬಿಸಿ ವೆಲ್ಡಿಂಗ್ ಮಾಡುವುದರಿಂದ ಮೇಲಿನ ನೀರು ಕೆಳಗೆ ಇಳಿಯುವುದಿಲ್ಲ. ಬಾಗಿಲು ಕೆಳಗೆ ಕೊಯ್ಯಬೇಕಾಗಿ ಬರುವುದೂ ಕಡಿಮೆ.

ಸಂತೆಯಲ್ಲಿ, ಪ್ಲಾಸ್ಟಿಕ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ತೆಳು ರೋಲ್ ಇದೆಯಲ್ಲ, ಅದು ಇದಲ್ಲ. ಅದನ್ನು ದಯವಿಟ್ಟು ತರಬೇಡಿ. ಒದ್ದೆಯಾದರೆ ಟೈಲ್ಸ್‌ಗಿಂತ ಜಾಸ್ತಿ ಜಾರುತ್ತದೆ, ಅಂಚು ಸುರುಳಿ ಎದ್ದು ಎಡವಿಸುತ್ತದೆ. ಜಾರುವುದನ್ನು ತಪ್ಪಿಸಲು ಹೋಗಿ ಎಡವುವುದನ್ನು ಮನೆಗೆ ತಂದ ಹಾಗೆ.

ಕೊಳ್ಳುವಾಗ ಹೊಳಪು, ಬಣ್ಣ ನೋಡಿ ಮರುಳಾಗದೆ ಅದರ ಕಾಗದ ಕೇಳಿ. ಹಿಡಿತವನ್ನು ಅಳೆಯುವ ಒಂದು ವಿಧಾನ ಪೆಂಡುಲಮ್ ಪರೀಕ್ಷೆ. ಅದರಲ್ಲಿ ಒದ್ದೆ ಮೈಗೆ 36 ಅಥವಾ ಅದಕ್ಕಿಂತ ಮೇಲೆ ಅಂಕ ಇದ್ದರೆ ಜಾರುವ ಸಾಧ್ಯತೆ ಕಡಿಮೆ. 24 ಮತ್ತು ಅದಕ್ಕಿಂತ ಕೆಳಗೆ ಇದ್ದರೆ ಜಾಸ್ತಿ. ಇನ್ನೊಂದು, ಜರ್ಮನಿಯ ಇಳಿಜಾರು ಹಲಗೆಯ ಪರೀಕ್ಷೆ. ಎಣ್ಣೆ ಸುರಿದ ಹಲಗೆಯ ಮೇಲೆ ಬೂಟು ಹಾಕಿದವರು ನಡೆಯುತ್ತಾರೆ, ಹಲಗೆಯನ್ನು ಮೆಲ್ಲಗೆ ಓರೆ ಮಾಡುತ್ತಾರೆ. 6ರಿಂದ 10 ಡಿಗ್ರಿಯಲ್ಲೇ ಜಾರಿದರೆ ಆರ್9. 10ರಿಂದ 19 ಡಿಗ್ರಿ ಆರ್10, 19ರಿಂದ 27 ಡಿಗ್ರಿ ಆರ್11. ಹೀಗೆ ಆರ್13ರವರೆಗೆ ಇದೆ. ಕೆಲವು ಅಂಗಡಿಗಳಲ್ಲಿ ಆರ್9 ಟೈಲ್ಸ್ ತೋರಿಸಿ ಆ್ಯಂಟಿ ಸ್ಕಿಡ್ ಅನ್ನುತ್ತಾರೆ. ಆರ್9 ಆ ಸಾಲಿನ ಅತಿ ಕೆಳಗಿನ ಮೆಟ್ಟಿಲು. ಒದ್ದೆಯಾಗುವ ಜಾಗಕ್ಕೆ ಸಾಲದು.

ಸೇಫ್ಟಿ ವಿನೈಲ್ ಹಾಕುವ ಕೆಲಸದಲ್ಲಿ ನೀವು ನಿಂತು ನೋಡಬೇಕಾದ ವಿಷಯಗಳಿವೆ. ಮೊದಲು ಇಡೀ ನೆಲವನ್ನು ಬಡಿದು ನೋಡಬೇಕು. ಸುತ್ತಿಗೆಯ ಮರದ ಹಿಡಿಯಿಂದ ಪ್ರತಿ ಟೈಲ್ಸ್ ತಟ್ಟಿ. ಡಬಡಬ ಅಂದರೆ ಅಡಿ ಟೊಳ್ಳು. ಅಂಥದ್ದನ್ನು ಎಬ್ಬಿಸಿ, ಗುಂಡಿಯನ್ನು ಗಾರೆಯಿಂದ ತುಂಬಿ ಒಣಗಿಸಬೇಕು. ಅಲ್ಲಾಡುವ ಟೈಲ್ಸ್ ಮೇಲೆ ಏನು ಅಂಟಿಸಿದರೂ ನಿಲ್ಲುವುದಿಲ್ಲ. ಆಮೇಲೆ ಹತ್ತು ವರ್ಷದ ಸೋಪು, ಫಿನಾಯಿಲ್, ಎಣ್ಣೆ ಜಿಡ್ಡು ಪೂರ್ತಿ ಹೋಗುವವರೆಗೆ ತೊಳೆಯಬೇಕು. ಆಮೇಲೆ ಡೈಮಂಡ್ ಪ್ಯಾಡ್ ಮೆಷಿನ್ ಓಡಿಸಿ ಹೊಳಪು ತೆಗೆಯಬೇಕು. ಹೊಳೆಯುವ ಮೈಗೆ ಅಂಟು ಹಿಡಿಯುವುದಿಲ್ಲ. ಆಮೇಲೆ ನೀರು ಹೀರದ ಮೈಗೆ ಅಂತಲೇ ಬರುವ ಪ್ರೈಮರ್. ಅದರ ಮೇಲೆ ಸೆಲ್ಫ್ ಲೆವೆಲಿಂಗ್ ಗಾರೆ, 2–3 ಮಿಲಿಮೀಟರ್. ಈ ಗಾರೆ ಬಿಟ್ಟರೆ ಟೈಲ್ಸ್ ಸಂದುಗಳ ಗೆರೆ ಕೆಲವೇ ತಿಂಗಳಲ್ಲಿ ವಿನೈಲ್ ಮೇಲೆ ಚೌಕಚೌಕವಾಗಿ ಮೂಡುತ್ತದೆ. ಖರ್ಚು ಉಳಿಸಲು ಮೊದಲು ಬಿಡುವುದೇ ಇದನ್ನು. ಬಿಡಲು ಒಪ್ಪಬೇಡಿ. ಎರಡು ಮೀಟರ್ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದರೆ ಕೆಳಗೆ 3 ಮಿಲಿಮೀಟರ್‌ಗಿಂತ ಹೆಚ್ಚು ಬೆಳಕು ಕಾಣಬಾರದು.

ಶೀಟ್ ಅನ್ನು ಹಿಂದಿನ ದಿನವೇ ಆ ಕೋಣೆಯಲ್ಲಿ ಬಿಚ್ಚಿ ಹಾಸಿಡಬೇಕು, ಸುರುಳಿಯ ಬಾಗು ಇಳಿಯಲು. ಅಂಟು ಹಾಕಿ ಹಾಸಿದ ಮೇಲೆ ಸುಮಾರು 50 ಕೆಜಿ ರೋಲರ್ ಉರುಳಿಸಿ ಗಾಳಿ ಹೊರಗೆ ತಳ್ಳಬೇಕು. ವೆಲ್ಡಿಂಗ್ ಮಾರನೇ ದಿನ. ಇದಕ್ಕೆ ಗಾರೆ ಕೆಲಸದವರು ಆಗುವುದಿಲ್ಲ. ವಿನೈಲ್ ವೆಲ್ಡಿಂಗ್ ಬರುವ ತಂಡವೇ ಬೇಕು. ಮೈಸೂರು ಅಥವಾ ಮಂಗಳೂರಿನಿಂದ ಕರೆಸಬೇಕಾಗಿ ಬರಬಹುದು. ಹಾಲ್, ಅಡುಗೆಮನೆ ಒಟ್ಟಿಗೇ ಮಾಡಿಸಿದರೆ ಆ ಓಡಾಟದ ಖರ್ಚು ಹೊರೆಯಾಗುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ವಯಸ್ಸಾದವರ ಕಣ್ಣಿಗೆ ದಟ್ಟ ಚೌಕ, ಪಟ್ಟೆ ಇರುವ ನೆಲ ಮೆಟ್ಟಿಲಿನ ಹಾಗೆ ಕಾಣುತ್ತದೆ. ಹೊಳೆಯುವ ನೆಲ ನೀರು ನಿಂತ ಹಾಗೆ ಕಾಣುತ್ತದೆ. ಒಂದೇ ಬಣ್ಣದ, ಮಂದ ಮೈಯ ಶೀಟ್ ತೆಗೆದುಕೊಳ್ಳಿ. ಗೋಡೆಯ ಬಣ್ಣಕ್ಕಿಂತ ಸ್ವಲ್ಪ ಗಾಢ ಇರಲಿ, ನೆಲ ಎಲ್ಲಿ ಮುಗಿಯಿತು ಅಂತ ಗೊತ್ತಾಗಲು. ಹಳೇ ರೆಡ್ ಆಕ್ಸೈಡ್ ಬಣ್ಣವೇ ಸಿಕ್ಕರೆ ಅತ್ತೆಯವರಿಗೆ ಖುಷಿಯಾಗಬಹುದು.

ಇದರ ಕಷ್ಟವನ್ನೂ ಹೇಳಿಬಿಡುತ್ತೇನೆ. ಹರಳು ಇರುವುದರಿಂದ ಕೊಳೆ ಹಿಡಿಯುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಲದು, ವಾರಕ್ಕೊಮ್ಮೆ ಮೆದು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಅದರ ಮೇಲೆ ರಬ್ಬರ್ ತಳದ ಮ್ಯಾಟ್ ಹಾಕಬಾರದು. ರಬ್ಬರ್ ತಾಗಿದ ಕಡೆ ವಿನೈಲ್‌ಗೆ ಹಳದಿ ಕಲೆ ಹಿಡಿಯುತ್ತದೆ, ಮತ್ತೆ ಹೋಗುವುದಿಲ್ಲ.

ಪಾಲಿಥಿನ್ ಪರೀಕ್ಷೆಯಲ್ಲಿ ಹಾಳೆಯ ಅಡಿಗೆ ನೀರು ಬಂದಿದ್ದರೆ ಮೇಲೆ ಹೇಳಿದ್ದೆಲ್ಲ ಸ್ವಲ್ಪ ಕಾಯಬೇಕು. ಮಣ್ಣಿನ ತೇವ ವಿನೈಲ್ ಅಂಟನ್ನು ಕರಗಿಸಿ ಗುಳ್ಳೆ ಎಬ್ಬಿಸುತ್ತದೆ. ಮೊದಲು ಮನೆ ಹಿಂದೆ ಹೋಗಿ ನೋಡಿ. ಬರೆಗೂ ಗೋಡೆಗೂ ನಡುವಿನ ಚರಂಡಿ ಮಣ್ಣು ತುಂಬಿ ಮುಚ್ಚಿದೆಯಾ? ಚರಂಡಿಯ ತಳ ಒಳಗಿನ ನೆಲಕ್ಕಿಂತ ತಗ್ಗಿನಲ್ಲಿ ಇದೆಯಾ? ಹೆಂಚಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯಾ? ಚರಂಡಿ ಆಳ ಮಾಡಿಸಿ, ನೀರು ದೂರ ಹರಿಸಿದರೆ ಎಷ್ಟೋ ಮನೆಗಳ ನೆಲ ಮುಂದಿನ ಮಳೆಗಾಲಕ್ಕೇ ಒಣಗಿದೆ. ಆದರೆ ಬರೆಯನ್ನು ಮಾತ್ರ ಇನ್ನಷ್ಟು ಕಡಿಯಬೇಡಿ. 2018ರ ಆಗಸ್ಟ್‌ನ ಗುಡ್ಡ ಕುಸಿತ ನಾವೆಲ್ಲ ನೋಡಿದ್ದೇವೆ. ಚರಂಡಿಗೆ ಜಾಗ ಸಾಲದಿದ್ದರೆ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ಚರಂಡಿ ಸರಿ ಮಾಡಿದ ಮೇಲೂ ತೇವ ಬಂದರೆ ಪ್ರೈಮರ್ ಜಾಗದಲ್ಲಿ ತೇವ ತಡೆಯುವ ಎಪಾಕ್ಸಿ ಎರಡು ಕೋಟ್ ಹಾಕಿಸಿ, ಆಮೇಲೆ ಸೆಲ್ಫ್ ಲೆವೆಲಿಂಗ್ ಗಾರೆ, ವಿನೈಲ್.

ಬಚ್ಚಲಿಗೆ ಬರೋಣ. ಇಲ್ಲಿ ಮುಚ್ಚುವ ಯೋಚನೆ ಬಿಡಿ. ಟೈಲ್ಸ್ ಮೇಲೆ ಟೈಲ್ಸ್ ಹಾಕಿದರೆ ನೆಲ 12–15 ಮಿಲಿಮೀಟರ್ ಏರುತ್ತದೆ. ಬಚ್ಚಲು ಹೊರಗಿನ ನೆಲಕ್ಕಿಂತ ತಗ್ಗಿನಲ್ಲಿ ಇದ್ದರೆ ಮಾತ್ರ ನೀರು ಒಳಗೆ ನಿಲ್ಲುತ್ತದೆ. ಆ ತಗ್ಗು ಹೋದರೆ ಸೋಪಿನ ನೀರು ಹಾಲ್‌ಗೆ ಬರುತ್ತದೆ, ಹೊಸ ನೆಲದ ಅಂಚಿಗೇ ಬರುತ್ತದೆ. ಹತ್ತು ವರ್ಷದ ಬಚ್ಚಲಿನ ಅಡಿಯ ವಾಟರ್‌ಪ್ರೂಫಿಂಗ್ ಹೇಗಿದೆ ಅಂತ ಒಡೆಯದೆ ಗೊತ್ತಾಗುವುದೂ ಇಲ್ಲ. ಚಿಕ್ಕ ಕೋಣೆ, ಒಂದು ವಾರದ ಕೆಲಸ. ಒಡೆಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಕಡೆಗೆ ಮೀಟರಿಗೆ 10–15 ಮಿಲಿಮೀಟರ್ ಇಳಿಜಾರು ಕೊಡಿಸಿ. ಟೈಲ್ಸ್ ಚಿಕ್ಕದಿರಲಿ, ಒಂದು ಅಡಿಗಿಂತ ದೊಡ್ಡದು ಬೇಡ. ಚಿಕ್ಕ ಟೈಲ್ಸ್‌ನಲ್ಲಿ ಸಂದು ಜಾಸ್ತಿ, ಪಾದಕ್ಕೆ ಹಿಡಿತ ಜಾಸ್ತಿ, ಇಳಿಜಾರೂ ಸರಿಯಾಗಿ ಬರುತ್ತದೆ. ಇಲ್ಲಿ ಬರಿಗಾಲಿನ ಪರೀಕ್ಷೆಯ ಅಂಕ ಕೇಳಿ. ಸೋಪಿನ ನೀರಿನಲ್ಲಿ ಮಾಡುವ ಆ ಪರೀಕ್ಷೆಗೆ ಎ, ಬಿ, ಸಿ ಅಂತ ಮೂರು ದರ್ಜೆ. ಎ ಕೆಳಗಿನದು, ಸಿ ಮೇಲಿನದು. ಬಿ ಅಥವಾ ಸಿ ಇರಲಿ. ಗೋಡೆ ಕೆಲಸ ನಡೆಯುವಾಗಲೇ ಎರಡು ಸ್ಟೀಲ್ ಹಿಡಿಕೆಗಳನ್ನು ಸ್ಕ್ರೂ ಹಾಕಿ ಕೂರಿಸಿ: ಹಂಡೆ ಪಕ್ಕದಲ್ಲಿ ಒಂದು, ಕಮೋಡ್ ಪಕ್ಕದಲ್ಲಿ ಒಂದು. ಗೋಡೆಗೆ ಒತ್ತಿ ಅಂಟಿಸುವ ರಬ್ಬರ್ ಹಿಡಿಕೆ ತರಬೇಡಿ. ಭಾರ ಬಿದ್ದ ದಿನವೇ ಕಳಚಿಕೊಳ್ಳುತ್ತದೆ.

ಜಗಲಿಯಲ್ಲಿ ಟೈಲ್ಸ್ ಗಟ್ಟಿ ಇದ್ದರೆ ಮೇಲೇ ಹೊಸದು ಹಾಕಬಹುದು. ಒರಟು ಮೈಯ ಆರ್11 ಟೈಲ್ಸ್, ಅಥವಾ ಬೆಂಕಿ ತಾಗಿಸಿ ಒರಟು ಮಾಡಿದ ಗ್ರಾನೈಟ್. ಚೀಲದ ಮೇಲೆ ಟೈಲ್ಸ್ ಮೇಲೆ ಟೈಲ್ಸ್ ಅಂತ ಸ್ಪಷ್ಟವಾಗಿ ಬರೆದಿರುವ ಅಂಟೇ ಬೇಕು, ಬರೀ ಸಿಮೆಂಟ್ ಹಿಡಿಯುವುದಿಲ್ಲ. ಹೊಸ್ತಿಲ ಹತ್ತಿರ ಅರ್ಧ ಇಂಚಿನ ಏರು ಬಂದರೆ ಅದನ್ನು ಓರೆ ಪಟ್ಟಿಯಿಂದ ಇಳಿಸಿ, ದಂಡೆ ಬಿಡಬೇಡಿ. ಎರಚಲು ಮಳೆ ಬೀಳುವ ಜಗಲಿಯಾದರೆ ಮಾಡನ್ನು ಎರಡು ಅಡಿ ಮುಂದಕ್ಕೆ ತರುವುದು ಯಾವ ಟೈಲ್ಸ್‌ಗಿಂತಲೂ ಒಳ್ಳೆಯದು. ಒರಟು ಕಲ್ಲಿಗೂ ಪಾಚಿ ಕಟ್ಟುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತೆಂಗಿನ ನಾರಿನ ಬ್ರಷ್‌ನಲ್ಲಿ ಉಜ್ಜಿ. ಅದರ ಜೊತೆ ಆ್ಯಸಿಡ್ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಮೆಟ್ಟಿಲ ಗ್ರಾನೈಟ್ ಮುಚ್ಚುವುದೇ ಬೇಡ. ಕಲ್ಲು ಕೆಲಸದವರನ್ನು ಕರೆಸಿ, ಪ್ರತಿ ಮೆಟ್ಟಿಲ ಮುಂದಿನ ಅಂಚಿಗೆ ಮೂರು ಇಂಚು ಅಗಲದಲ್ಲಿ ಉಳಿ ಪೆಟ್ಟು ಹಾಕಿಸಿ ಒರಟು ಮಾಡಿಸಿ. ಅರ್ಧ ದಿನದ ಕೆಲಸ. ಮರಳು ಮೈಯ ಟೇಪ್ ಅಂಟಿಸಿದರೆ ನಮ್ಮ ಮಳೆಗೆ ಒಂದು ತಿಂಗಳೂ ನಿಲ್ಲುವುದಿಲ್ಲ. ಒಂದು ಬದಿಗೆ ಹಿಡಿದು ಹತ್ತುವ ಕಂಬಿ ಇಲ್ಲದಿದ್ದರೆ ಅದನ್ನೂ ಹಾಕಿಸಿ.

ಟೈಲ್ಸ್ ಮೈಯನ್ನು ಆ್ಯಸಿಡ್‌ನಿಂದ ಕೊರೆದು ಒರಟು ಮಾಡುವ ಆ್ಯಂಟಿ ಸ್ಲಿಪ್ ದ್ರಾವಣದ ಬಗ್ಗೆಯೂ ಯಾರಾದರೂ ಹೇಳಬಹುದು. ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಹೆಚ್ಚಾಗಿ ಹೈಡ್ರೋಫ್ಲೋರಿಕ್ ಜಾತಿಯ ಆ್ಯಸಿಡ್ ಇರುತ್ತದೆ. ಚರ್ಮಕ್ಕೆ ತಾಗಿದಾಗ ಮೊದಲು ನೋವೇ ಗೊತ್ತಾಗದೆ ಆಳಕ್ಕೆ ಇಳಿಯುತ್ತದೆ. ಮನೆಯವರು ಮಾಡುವ ಕೆಲಸ ಅಲ್ಲ. ಬಚ್ಚಲು ತೊಳೆಯುವ ಆ್ಯಸಿಡ್ ಸುರಿದರೆ ಟೈಲ್ಸ್ ಒರಟಾಗುತ್ತದೆ ಅಂತ ಹೇಳುವವರೂ ಇದ್ದಾರೆ. ಆಗುವುದಿಲ್ಲ. ಅದು ಸಂದಿನ ಸಿಮೆಂಟ್ ತಿಂದು, ಕೆಳಗಿನ ತೇವಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ.

ಯಾವಾಗ ಮಾಡಿಸುವುದು? ಕಾಫಿ ಕೊಯ್ಲು ಮುಗಿದು ಕೈ ಬಿಡುವಾಗುವ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ. ನವೆಂಬರ್–ಡಿಸೆಂಬರ್‌ನ ಹುತ್ತರಿ ಹಬ್ಬಕ್ಕೆ ಮೊದಲು ಮುಗಿಸೋಣ ಅಂತ ಮನೆಯಲ್ಲಿ ಹೇಳಬಹುದು. ಆಗ ಮೇಲ್ಮೈ ಒಣಗಿದ್ದರೂ ನೆಲದ ಒಳಗಿನ ತೇವ ಇಳಿದಿರುವುದಿಲ್ಲ, ಕಾಯಿರಿ.

ಆದರೆ ಅತ್ತೆಯವರು ಇವತ್ತು ನಡೆಯಬೇಕಲ್ಲ. ಅದಕ್ಕೆ ಈ ವಾರ ಮಾಡಬೇಕಾದ್ದು ಇಷ್ಟು. ನೆಲಕ್ಕೆ ಫಿನಾಯಿಲ್, ಸೋಪು ಹಾಕುವುದನ್ನು ನಿಲ್ಲಿಸಿ. ಎರಡು ಸಲ ಬರೀ ಬಿಸಿನೀರಿನಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಸೋಪಿನ ತೆಳು ಪದರ ಹೋದರೇ ಅರ್ಧ ಜಾರಿಕೆ ಕಡಿಮೆಯಾಗುವುದನ್ನು ನೋಡಿದ್ದೇನೆ. ಹೊಳವಾದ ದಿನ ಕಿಟಕಿ ಪೂರ್ತಿ ತೆರೆಯಬೇಕು ಅನ್ನಿಸುತ್ತದೆ, ಆದರೆ ನೆಲ ಬೆವರುವುದು ಆಗಲೇ. ಆ ಹೊತ್ತು ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ಬಾಗಿಲ ಬಳಿ ಕಾಲೊರೆಸಲು ಕಾಫಿಯ ಗೋಣಿಚೀಲ ಹಾಕಿದ್ದರೆ ಈಗಲೇ ತೆಗೆಯಿರಿ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ, ಹೊಳೆಯುವ ಟೈಲ್ಸ್ ಮೇಲೆ ಅದು ಚಕ್ರದ ಹಾಗೆ ಜಾರುತ್ತದೆ. ಅದರ ಬದಲು ರಬ್ಬರ್ ತಳದ ಭಾರದ ಮ್ಯಾಟ್ ಹಾಕಿ. ಟೈಲ್ಸ್ ಇರುವವರೆಗೆ ಅದು ಪರವಾಗಿಲ್ಲ. ಗಂಬೂಟು, ಒದ್ದೆ ಕೊಡೆ ಜಗಲಿಯಲ್ಲೇ ಉಳಿಯಲಿ. ಅವರ ಮಂಚದಿಂದ ಬಚ್ಚಲಿನವರೆಗೆ ಕರೆಂಟ್ ಹೋದರೆ ತಾನೇ ಹತ್ತುವ ದೀಪ ಎರಡು ಹಾಕಿ. ಜೋರು ಮಳೆಯ ಕಕ್ಕಡ ಮಾಸದಲ್ಲಿ ನಮ್ಮ ಕಡೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಅವರು ರಾತ್ರಿ ಏಳದೆ ಇರುವುದೂ ಇಲ್ಲ. ಮನೆಯೊಳಗೆ ಹಾಕಲು ಹಿಮ್ಮಡಿಗೆ ಪಟ್ಟಿ ಇರುವ, ಗೆರೆ ತಳದ ರಬ್ಬರ್ ಚಪ್ಪಲಿ ಕೊಡಿ. ಸವೆದ ಹವಾಯಿ ಚಪ್ಪಲಿ ಬೇಡ.

ಶೀಟಿನ ತುಂಡು ಮಾದರಿಗೆ ಸಿಕ್ಕಾಗ ಅದನ್ನು ಒದ್ದೆ ಮಾಡಿ ಅತ್ತೆಯವರನ್ನೇ ನಿಲ್ಲಿಸಿ, ನೀವು ಕೈ ಹಿಡಿದಿರಿ. ಅವರ ಪಾದ ಒಪ್ಪಿದ್ದನ್ನೇ ತನ್ನಿ. ಪಾಲಿಥಿನ್ ಪರೀಕ್ಷೆಯಲ್ಲಿ ಮೂರು ಕಡೆಯೂ ನೀರು ಮೇಲೆ ಇತ್ತಾ, ಅಡಿಗೆ ಇತ್ತಾ ಅಂತ ನನಗೆ ಬರೆಯಿರಿ. ಹಿಂದಿನ ಚರಂಡಿಯ ಫೋಟೋ ಒಂದು ಜೊತೆಗಿರಲಿ. ಫೆಬ್ರವರಿಗೆ ಮೊದಲು ಅದನ್ನು ನೋಡಿ ಮುಂದಿನದ್ದು ಹೇಳುತ್ತೇನೆ.